ಟೀವಿಯ ಕೆಳಗೆ ಓಡಿದ ಒಂದು ‘ಸಾಕು’

ಟೀವಿಯ ತಳದಲ್ಲಿ ಓಡುತ್ತಿದ್ದ ಪಟ್ಟಿಯ ಬಣ್ಣ ಹಸಿರು, ಅಕ್ಷರಗಳು ಹಳದಿ ಎಂದು ಈ ಕತೆ ಹೇಳುವಾಗಲೆಲ್ಲ ಹೇಳುತ್ತ ಬಂದಿದ್ದೇನೆ. ಬರೆಯಲು ಕುಳಿತ ಮೇಲೆ ಆ ಧೈರ್ಯ ಉಳಿದಿಲ್ಲ. ಪಟ್ಟಿ ನೀಲಿಯೂ ಇದ್ದಿರಬಹುದು. ಶಾಲೆಗೆ ಬೇಸಿಗೆ ರಜೆ ಬಿದ್ದಿತ್ತೋ, ಜ್ವರದ ನೆವದಲ್ಲಿ ಮನೆಯಲ್ಲಿದ್ದೆನೋ, ಅದೂ ಮಸುಕಾಗಿದೆ. ಆಗಿನ್ನೂ ನನಗೆ ಡೈರಿಯ ಅಭ್ಯಾಸ ಹತ್ತಿರಲಿಲ್ಲ. ಮುಖ್ಯವಾದದ್ದು ತಾನಾಗಿ ಉಳಿಯುತ್ತದೆ ಎಂದು ನಂಬಿದ್ದೆ. ಉಳಿದದ್ದು ಮೂರು ಶಬ್ದ. ಅವುಗಳ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಆ ವರ್ಷ ನನ್ನ ಮೌಶಿ, ಅಂದರೆ ಅವ್ವನ ತಂಗಿ, ಸಂಕ್ರಾಂತಿಗೆಂದು ನಾಸಿಕದ ನಮ್ಮ ಮನೆಗೆ ಬಂದವಳು ವಾಪಸು ಹೋಗಿರಲಿಲ್ಲ. ನಮ್ಮನ್ನು ಧಾರವಾಡದಿಂದ ನಾಸಿಕಕ್ಕೆ ತಂದದ್ದು ಅಪ್ಪನ ಬ್ಯಾಂಕಿನ ವರ್ಗಾವಣೆ. ಮೌಶಿಯ ಗಂಡ, ನಮ್ಮ ಕಾಕಾ, ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರಿನಲ್ಲಿ ಕೋರ್ಟಿನ ಹತ್ತಿರ ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಿದ್ದರು. ಜಗಳವೇನೂ ಆಗಿರಲಿಲ್ಲ. ಬೈಯುವ, ಕೈ ಎತ್ತುವ ಮನುಷ್ಯ ಅವರಲ್ಲ. ಅವ್ವ ಕಾರಣ ಕೇಳಿದಾಗ ಮೌಶಿ ಹೇಳಿದ್ದು ಇಷ್ಟು:

“ಇಡೀ ದಿನ ಗಿರಾಕಿಗಳ ಜೋಡಿ ಮಾತಾಡಿ ಮಾತಾಡಿ ಅವರ ಮಾತೆಲ್ಲಾ ಖರ್ಚಾಗಿರ್ತದ. ಮನಿಗೆ ಬರೋದ್ರಾಗ ಖಾಲಿ. ಗೋಡಿ ಜೋಡಿ ಸಂಸಾರ ಮಾಡಿದ್ಹಂಗ ಆಗೇದ.”

“ಅಷ್ಟಕ್ಕ ಯಾರರೆ ಮನಿ ಬಿಡ್ತಾರೇನ?”

“ಬಿಟ್ಟಿಲ್ಲ. ಕೂತೀನಿ. ಬಾ ಅಂತ ಒಂದ ಮಾತು ಅನ್ಲಿ ಅವರು, ಮರುದಿನಾನೇ ಹೋಗ್ತೀನಿ.”

ಅವ್ವ ಇದನ್ನು ಮೊದಲು ತಮಾಷೆ ಎಂದುಕೊಂಡಳು. ದ್ರಾಕ್ಷಿಯ ಸುಗ್ಗಿ ಮುಗಿದು, ಬಿಸಿಲು ಏರಿ, ಕೂಲರಿಗೆ ನೀರು ತುಂಬುವ ಕಾಲ ಬಂದರೂ ಮೌಶಿ ಕೂತೇ ಇದ್ದಳು. ಅಕ್ಕಪಕ್ಕದವರು ಕೇಳತೊಡಗಿದ್ದರು. ಹೀಗೇ ಮಳೆಗಾಲ ಬಂದರೆ ಹೋಗುವ ದಾರಿ ತಾನಾಗಿ ಮುಚ್ಚಿಹೋಗುತ್ತದೆ ಎಂದು ಅವ್ವನಿಗೆ ಭಯ. ಮೌಶಿಗೂ ಆ ಭಯ ಇತ್ತೆಂದು ಈಗ ಅನಿಸುತ್ತದೆ. ಅವಳು ತೋರಿಸಿಕೊಳ್ಳುತ್ತಿರಲಿಲ್ಲ, ಅಥವಾ ನಾನು ನೋಡುತ್ತಿರಲಿಲ್ಲ.

ಅವಳು ನೋಡುತ್ತಿದ್ದದ್ದು ಮರಾಠಿ ಹಾಡುಗಳ ಒಂದು ಚಾನೆಲ್. ದಿನವಿಡೀ ಹಳೆಯ ಹಾಡುಗಳು. ಪರದೆಯ ತಳದಲ್ಲಿ ಒಂದು ಪಟ್ಟಿ. ಅದರ ಮೇಲೆ ಜನ ಮೊಬೈಲಿನಿಂದ ಕಳಿಸಿದ ಸಂದೇಶಗಳು ಬಲದಿಂದ ಎಡಕ್ಕೆ ಹರಿಯುತ್ತಿದ್ದವು. ಹುಟ್ಟುಹಬ್ಬದ ಶುಭಾಶಯ, ಸಟಾಣಾದ ಯಾರೋ ಗಂಗಾಪುರದ ಯಾರನ್ನೋ ಕೇಳುವ ಕ್ಷಮೆ, ನಿನ್ನ ನೆನಪಾಗುತ್ತದೆ ಎಂಬುದರ ಹತ್ತಾರು ಬಗೆ. ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಮರಾಠಿ. ಕಳಿಸಬೇಕಾದ ಚಿಕ್ಕ ನಂಬರು ಮೂಲೆಯಲ್ಲಿ ಮಿನುಗುತ್ತಿತ್ತು. ಮಾಮೂಲಿ ಮೆಸೇಜಿಗಿಂತ ಇದಕ್ಕೆ ಎಷ್ಟೋ ಪಟ್ಟು ದುಡ್ಡು ಕಟ್ಟಾಗುತ್ತದೆ, ಮುಟ್ಟಬೇಡ ಎಂದು ಅಪ್ಪ ನನಗೆ ಮೊದಲೇ ತಾಕೀತು ಮಾಡಿದ್ದರು. ಮನೆಯಲ್ಲಿದ್ದ ಒಂದೇ ಮೊಬೈಲು ಅವರದು. ಅದು ಅವರ ಜೇಬಿನಲ್ಲೇ ಬ್ಯಾಂಕಿಗೆ ಹೋಗಿ ಬರುತ್ತಿತ್ತು.

ಒಂದು ಭಾನುವಾರ ಅಪ್ಪ ಟೀವಿಯ ಮುಂದೆ ನಿಂತು ಕೇಳಿದರು, “ಅಲ್ಲಾ, ಒಂದ ಜಾಹೀರಾತಿಲ್ಲ ಏನಿಲ್ಲ. ಇವರು ಹೊಟ್ಟಿಗೆ ಏನ ತಿಂತಾರ?”

ಮೌಶಿ ಪರದೆಯ ತಳಕ್ಕೆ ಬೆರಳು ತೋರಿಸಿದಳು. “ಅದನ್ನ.”

ಮಧ್ಯಾಹ್ನ ಕಿಟಕಿಯ ಪರದೆ ಎಳೆದು ತಣ್ಣನೆಯ ಫರಸಿಗಲ್ಲಿನ ನೆಲದ ಮೇಲೆ ನಾವಿಬ್ಬರೂ ಮಲಗುತ್ತಿದ್ದೆವು. ಕೂಲರಿನ ಸದ್ದಿನ ಹಿಂದೆ ಹಾಡು ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು. ಅರ್ಧ ಮುಚ್ಚಿದ ಕಣ್ಣಿಗೆ ಅಕ್ಷರಗಳು ಅಕ್ಷರಗಳಾಗಿ ಉಳಿಯುತ್ತಿರಲಿಲ್ಲ. ಘಾಟಿನಿಂದ ಗೋದಾವರಿಗೆ ಬಿಟ್ಟ ದೊನ್ನೆಯ ದೀಪಗಳ ಹಾಗೆ ಒಂದರ ಹಿಂದೊಂದು ಬಂದು, ಟೀವಿಯ ಅಂಚು ಮುಟ್ಟಿ, ಗೋಡೆಯೊಳಗೆ ಹೋಗಿಬಿಡುತ್ತಿದ್ದವು. ನನ್ನ ನಿದ್ದೆಯೊಳಗೂ ಅವುಗಳ ಮೆರವಣಿಗೆ ನಡೆಯುತ್ತಿತ್ತು. ಎದ್ದಾಗ ಯಾವುದನ್ನು ಓದಿದೆ, ಯಾವುದನ್ನು ಕನಸಿನಲ್ಲಿ ಕಂಡೆ ಎಂದು ತಿಳಿಯುತ್ತಿರಲಿಲ್ಲ.

ಕಾಕಾ ಆಗಾಗ ನಮ್ಮ ಲ್ಯಾಂಡ್‌ಲೈನಿಗೆ ಫೋನ್ ಮಾಡುತ್ತಿದ್ದರು. ಊಟ ಆತೇನು ಎಂದು ಅವರು, ಆತ್ರಿ, ನಿಮ್ಮದು ಎಂದು ಇವಳು. ಮಾತು ಅಲ್ಲಿಗೆ ಮುಗಿಯುತ್ತಿತ್ತು, ಆದರೆ ಇಬ್ಬರೂ ಫೋನ್ ಇಡುತ್ತಿರಲಿಲ್ಲ. ಒಮ್ಮೆ ಮೌಶಿ ನನ್ನನ್ನು ಕಣ್ಣಿನಲ್ಲೇ ಕರೆದು ರಿಸೀವರನ್ನು ನನ್ನ ಕಿವಿಗೆ ಹಿಡಿದಳು. ನಮ್ಮ ಟೀವಿಯಲ್ಲಿ ಬರುತ್ತಿದ್ದ ಹಾಡೇ ಆ ಕಡೆಯಿಂದಲೂ ಬರುತ್ತಿತ್ತು, ಒಂದು ಉಸಿರಿನಷ್ಟು ತಡವಾಗಿ. ಖಾನಾವಳಿಯ ಗೋಡೆಯ ಮೇಲಿನ ಟೀವಿ ಅದು. ನಡುನಡುವೆ ತಾಟುಗಳ ಸಪ್ಪಳ. ಈ ಊರು ಹಾಡಿದ್ದನ್ನು ಆ ಊರು ಮೆಲ್ಲಗೆ ತಿರುಗಿ ಹಾಡುತ್ತಿದೆ ಅನಿಸಿತು. ಹಾಡು ಮುಗಿದ ಮೇಲೆ ಕಾಕಾ ಫೋನ್ ಇಟ್ಟರು.

ಇನ್ನೊಂದು ಮಧ್ಯಾಹ್ನ, ನಾನು ನಿದ್ದೆಯ ದಂಡೆಯಲ್ಲಿದ್ದಾಗ, ಪಟ್ಟಿಯ ಮೇಲೆ ಆ ಮೂರು ಶಬ್ದ ಬಂದವು. ಶಾಲೆಯಲ್ಲಿ ಮರಾಠಿ ಓದಿದ ನನ್ನ ಕಣ್ಣು ಅವನ್ನು ‘ಸಕೂ ಮನಿಗೆ ಬ’ ಎಂದು ಓದಿತು. ಸಕೂ ಅಂದರೆ ಆ ಕಡೆಯ ಹಳೇ ಕಾಲದ ಹೆಣ್ಣುಮಕ್ಕಳ ಹೆಸರು. ಮುಂದಿನದು ನನಗೆ ಹತ್ತಲಿಲ್ಲ.

“ಮೌಶಿ, ಹೀ ಸಕೂ ಕೋಣ?” ಈ ಸಕೂ ಯಾರು ಎಂದು ಅರೆನಿದ್ದೆಯ ಮರಾಠಿಯಲ್ಲಿ ಕೇಳಿದೆ.

ಮೌಶಿ ಎದ್ದು ಕೂತಿದ್ದಳು. ಇಂಗ್ಲಿಷ್ ಅಕ್ಷರಕ್ಕೆ ಹ್ರಸ್ವವೂ ಒಂದೇ, ದೀರ್ಘವೂ ಒಂದೇ. ಅವಳು ಅದನ್ನು ಕನ್ನಡದ ಕಣ್ಣಿನಿಂದ ಓದಿದ್ದಳು.

“ಸಕೂ ಅಲ್ಲ, ಹುಚ್ಚಿ. ಸಾಕು. ಸಾಕು, ಮನಿಗೆ ಬಾ.”

ಅಡುಗೆಮನೆಯಿಂದ ಅವ್ವ ಬರುವಷ್ಟರಲ್ಲಿ ಪಟ್ಟಿಯ ಮೇಲೆ ಬೇರೆ ಯಾರದೋ ಹುಟ್ಟುಹಬ್ಬ ಹೋಗುತ್ತಿತ್ತು. ಮೌಶಿ ಖಾಲಿಯಾದ ಜಾಗಕ್ಕೇ ಬೆರಳು ಮಾಡಿ ಹೇಳಿದಳು, “ಮನಿಗೆ ಅಂತ ಕನ್ನಡದಾಗ ಬರದಾರ, ಅಕ್ಕಾ. ಈ ಚಾನೆಲ್ ನೋಡೋರೊಳಗ ಮನಿ ಅನ್ನೋರು ಬ್ಯಾರೆ ಯಾರದಾರ?”

“ಯಾರಿಲ್ಲ,” ಎಂದಳು ಅವ್ವ, ಬಹಳ ಬೇಗ. “ನಾಳೆ ಮುಂಜಾನೆ ಬಸ್ಸಿಗೆ ಹೋಗು.”

ಜೊತೆಗೆ ನನ್ನನ್ನೂ ಕಳಿಸಿದರು. ಯೇವಲಾ ದಾಟುವವರೆಗೆ ಮೌಶಿ ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ಆಮೇಲೆ ಯಾರಿಗೆಂದಲ್ಲದೆ, “ರೊಕ್ಕಾ ಕೊಟ್ಟು ಕರದಾರ. ಫೋನಿನ್ಯಾಗ ಅನ್ಲಿಕ್ಕೆ ಆಗ್ಲಿಲ್ಲ ಅವರಿಗೆ,” ಎಂದು ನಕ್ಕಳು. ಬಿಸಿಗಾಳಿಗೆ ಹೊಲಗಳು ನೀರಿನಲ್ಲಿ ಕಂಡಂತೆ ಅಲುಗುತ್ತಿದ್ದವು. ನಾನು ಮತ್ತೆ ನಿದ್ದೆ ಹೋದೆ.

ಖಾನಾವಳಿ ಮುಟ್ಟಿದಾಗ ಊಟದ ಹೊತ್ತು. ಕರಿ ಕೋಟಿನ ವಕೀಲರು ರೊಟ್ಟಿ ಮುರಿಯುತ್ತಿದ್ದರು, ಗೋಡೆಯ ಟೀವಿಯಲ್ಲಿ ಅದೇ ಚಾನೆಲ್ ಇತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಕಾಕಾ ತಲೆ ಎತ್ತಿದರು.

“ಬಂದ್ಯಾ?”

“ಕರದ್ರಿ, ಬಂದೆ.”

ಕಾಕಾ ‘ಹೂಂ’ ಎಂದರು. ಆ ಹೂಂ ಪ್ರಶ್ನೆಯೋ ಉತ್ತರವೋ? ಎಷ್ಟೋ ಸಲ ಅದನ್ನು ಕಿವಿಯಲ್ಲಿ ತಿರುಗಿಸಿ ಕೇಳಿದ್ದೇನೆ. ಒಂದೊಂದು ಸಲ ಒಂದೊಂದು ಥರ ಕೇಳಿಸುತ್ತದೆ. ಆಮೇಲೆ ಅವರು ಒಳಗೆ ತಿರುಗಿ, “ಎರಡ ತಾಟ ಹಾಕ್ರಿ, ರೊಟ್ಟಿ ಬಿಸಿವು ಇರ್ಲಿ,” ಎಂದರು. ಮೌಶಿಗೆ ಅಷ್ಟು ಸಾಕಾಯಿತು. ಅವಳು ಅಲ್ಲೇ ಉಳಿದಳು.

ಎಷ್ಟೋ ವರ್ಷಗಳ ಮೇಲೆ ಅದೇ ಊರಿನ ವಿಶ್ವವಿದ್ಯಾಲಯಕ್ಕೆ ಪತ್ರಿಕೋದ್ಯಮ ಓದಲು ಹೋಗಿ, ಖಾನಾವಳಿಯ ಮೇಲಿನ ಅವರ ಮನೆಯಲ್ಲೇ ಇದ್ದೆ. ಮಾಧ್ಯಮಗಳಿಗೆ ದುಡ್ಡು ಹೇಗೆ ಬರುತ್ತದೆ ಎಂಬ ಪಾಠಕ್ಕೆ ಒಮ್ಮೆ ಇಂಥದೇ ಹಾಡಿನ ಚಾನೆಲ್ಲುಗಳಲ್ಲಿ ದುಡಿದ ಒಬ್ಬರನ್ನು ಕರೆಸಿದ್ದರು. ಹಾಡು ನಮಗೆ ಬರೀ ಗೋಡೆ, ಅಂಗಡಿ ಇದ್ದದ್ದು ಕೆಳಗಿನ ಪಟ್ಟಿಯಲ್ಲಿ ಎಂದು ಅವರು ಮರಾಠಿಯಲ್ಲಿ ಹೇಳಿದರು. ಪ್ರತಿ ಸಂದೇಶದ ದುಡ್ಡಿನಲ್ಲಿ ಮೊದಲು ಮೊಬೈಲ್ ಕಂಪನಿಯ ಪಾಲು, ಆಮೇಲೆ ನಡುವಿನವರದು, ಉಳಿದದ್ದು ಚಾನೆಲ್ಲಿಗೆ. ಸಂದೇಶ ತೆರೆಯ ಮೇಲೆ ಬರಲಿ ಬಿಡಲಿ, ಕಳಿಸಿದವರ ದುಡ್ಡು ಹೋದದ್ದೇ.

ನಾನು ಎದ್ದು ಕೇಳಿದೆ, ಗೊತ್ತಿಲ್ಲದ ಭಾಷೆಯಲ್ಲಿ ಬಂದರೆ?

ಬೈಗುಳವಿಲ್ಲ, ಫೋನ್ ನಂಬರಿಲ್ಲ ಅಂತಾದರೆ ಬಿಡುತ್ತಿದ್ದೆವು ಎಂದರು. ಒಂದು ಹೆಸರು ಕಂಡರೆ ಪ್ರೇಮಸಂದೇಶ ಅಂದುಕೊಳ್ಳುತ್ತಿದ್ದೆವು.

ಆಮೇಲೆ ತಾವಾಗಿ ಇನ್ನೊಂದು ಮಾತು ಸೇರಿಸಿದರು. ಮಧ್ಯಾಹ್ನ ಬಹಳ ಜನ ಕಳಿಸುತ್ತಿರಲಿಲ್ಲ. ಖಾಲಿ ಪಟ್ಟಿ ನೋಡಿದರೆ ಯಾರಿಗೂ ಕಳಿಸಬೇಕು ಅನಿಸುವುದಿಲ್ಲ. ಅದಕ್ಕೆ ಹಳೆಯವನ್ನೇ ತೆಗೆದು ಮತ್ತೆ ಓಡಿಸುತ್ತಿದ್ದೆವು. ತಿಂಗಳುಗಟ್ಟಲೆ ಹಳೆಯವು, ಎಷ್ಟೋ ಮಂದಿಗೆ ಅಷ್ಟರಲ್ಲಿ ಮದುವೆಯೂ ಆಗಿಹೋಗಿರುತ್ತಿತ್ತು. ಇಡೀ ತರಗತಿ ನಕ್ಕಿತು. ನಾನೂ ನಕ್ಕಿರಬೇಕು.

ಅವರು ಇದ್ದದ್ದು ಅದೇ ಚಾನೆಲ್ಲೋ ಬೇರೆಯದೋ ನನಗೆ ಗೊತ್ತಿಲ್ಲ. ಆದರೆ ಅಂದಿನಿಂದ ಆ ಮೂರು ಶಬ್ದಗಳಿಗೆ ಬೇರೆ ಒಡೆಯರು ಹುಟ್ಟಿಕೊಂಡರು. ನಮ್ಮ ಕಡೆಯವನೇ ಯಾರೋ ಒಬ್ಬ, ಯಾವುದೋ ಚಳಿಗಾಲದಲ್ಲಿ, ಇನ್ನಾರನ್ನೋ ಕರೆದಿದ್ದಾನೆ. ಅವಳು ಅದನ್ನು ನೋಡಲೇ ಇಲ್ಲ. ಅವಳ ಬದಲು ನನ್ನ ಮೌಶಿ ಬಸ್ ಹತ್ತಿದ್ದಾಳೆ. ಕಾಕಾ ಕರೆದಿರಲೂಬಹುದು. ಅವರನ್ನೇ ಕೇಳಬಹುದಿತ್ತು. ಅವರು ಹೂಂ ಎನ್ನುತ್ತಿದ್ದರು.

ಅಂದು ರಾತ್ರಿ ಊಟಕ್ಕೆ ಕೂತಾಗ ಪಾಠದ ಕತೆ ಹೇಳಿದೆ, ಮಧ್ಯಾಹ್ನದ ಗುಟ್ಟೊಂದನ್ನು ಬಿಟ್ಟು.

“ಅಂದ್ರ ಹಾಡು ಪುಕ್ಕಟೆ, ಮಾತಿಗೆ ರೊಕ್ಕಾ,” ಎಂದರು ಕಾಕಾ. ಅವರ ಮಟ್ಟಿಗೆ ಅದು ದೊಡ್ಡ ಭಾಷಣ.

“ಅದಕ್ಕ ಕೆಲವರು ಉಳಿತಾಯ ಮಾಡ್ತಾರ,” ಎಂದಳು ಮೌಶಿ, ಅವರ ತಾಟಿಗೆ ಚಟ್ನಿ ಹಾಕುತ್ತ. ಕಾಕಾ ತಲೆ ಬಗ್ಗಿಸಿ ಉಂಡರು. ಅವರ ತುಟಿಯ ಮೇಲೆ ಬಂದದ್ದು ನಗೆ ಎಂದೇ ನಾನು ಡೈರಿಯಲ್ಲಿ ಬರೆದಿದ್ದೇನೆ.

ಈಗ ಗಲ್ಲಾಪೆಟ್ಟಿಗೆಯ ಹಿಂದೆ ಮೌಶಿ ಕೂರುತ್ತಾಳೆ. ಗಿರಾಕಿಗಳ ಜೋಡಿ ಅವಳೇ ಮಾತಾಡುತ್ತಾಳೆ, ನನಗೆ ಮೊಬೈಲಿನಲ್ಲಿ ಉದ್ದುದ್ದ ಧ್ವನಿಸಂದೇಶ ಕಳಿಸುತ್ತಾಳೆ. ಸುಖವಾಗಿದ್ದಾಳೆಯೇ ಎಂದು ಯಾರಾದರೂ ಕೇಳಿದರೆ ಹೌದೆನ್ನುತ್ತೇನೆ. ಹೌದೆನ್ನುವಾಗ ಸ್ವಲ್ಪ ತಡವರಿಸುತ್ತೇನೆ.

ಹೋದ ಚಳಿಗಾಲದಲ್ಲಿ ನಾವಿಬ್ಬರೂ ಅವಳ ಊರಿನ ಹತ್ತಿರದ, ಗುಹಾಲಯಗಳಿರುವ ವೇರೂಳಿಗೆ ಹೋಗಿದ್ದೆವು. ಗುಡಿಯ ಹೊರಗಿನ ಕಟ್ಟೆಯ ಮೇಲೆ ಪೇರಲ ತಿನ್ನುತ್ತ ಕೂತಾಗ, ನಮ್ಮ ಕನ್ನಡ ಕೇಳಿ ಕಲಬುರಗಿ ಕಡೆಯ ಹೆಂಗಸೊಬ್ಬಳು ಬಂದು ಪಕ್ಕದಲ್ಲಿ ಕೂತಳು. ಮಾತಿಗೆ ಮಾತು ಬೆಳೆದು ಅವಳು ತನ್ನ ಗಂಡನನ್ನು ದೂರಿದಳು. ಮೌಶಿ ಸಮಾಧಾನ ಹೇಳುವ ಬದಲು ಬೆನ್ನು ನೆಟ್ಟಗೆ ಮಾಡಿ ಕೂತಳು.

“ನಮ್ಮವರು ಅಗ್ದಿ ಮೂಗಬಸವಣ್ಣ. ಆದ್ರ ಒಮ್ಮೆ ಟೀವಿಯೊಳಗ ನನ್ನ ಕರದಾರ ನೋಡ್ರಿ. ಸಾವಿರಾರು ಮಂದಿ ಮುಂದ.”

“ಖರೇನ?”

“ಇಕಿನ್ನ ಕೇಳ್ರಿ. ಬಾಜೂಕ ಇದ್ಲು.”

ಆ ಹೆಂಗಸು ನನ್ನ ಕಡೆ ನೋಡಿದಳು. ನಾನು ತಲೆ ಆಡಿಸಿದೆ. ಪಕ್ಕದಲ್ಲಿ ಇದ್ದದ್ದಂತೂ ನಿಜ. ಅವಳು ತನ್ನ ಬಸ್ಸಿಗೆ ಎದ್ದು ಹೋದ ಮೇಲೆ, ಕಟ್ಟೆಯ ಮೇಲೆ ಬಿಸಿಲು ಸರಿಯುತ್ತಿದ್ದಾಗ, ಇಷ್ಟು ವರ್ಷ ಬಾಯೊಳಗಿದ್ದದ್ದನ್ನು ಮೌಶಿಗೆ ಕೇಳಿದೆ.

“ಮೌಶಿ, ಆ ಮಾತು ಯಾರೋ ಬ್ಯಾರೆಯವರು ಯಾರಿಗೋ ಅಂದದ್ದು ಅಂತ ಅವತ್ತೇ ಗೊತ್ತಾಗಿದ್ರ, ನೀ ಬಸ್ ಹತ್ತತಿದ್ದೇನ?”