ಮೊಮೊ ಸುಲಿದು ತಿಂದ ಮಧ್ಯಾಹ್ನ

ಕೊಪ್ಪದ ಬಸ್‌ಸ್ಟ್ಯಾಂಡಿನಿಂದ ಬಾಳಗಡಿ ಕಡೆಗೆ ನಡೆದರೆ ಎಡಕ್ಕೆ ಈಗ ಒಂದು ಮೊಬೈಲ್ ಅಂಗಡಿಯಿದೆ. ಮೊದಲು ಅಲ್ಲಿ ನನ್ನ ದೊಡ್ಡಮ್ಮನ ಮಗನ ಹೋಟೆಲಿತ್ತು. ಐದಾರು ವರ್ಷ ನಡೆಯಿತು. ಆಮೇಲೆ ಅಣ್ಣ ಮದುವೆಮನೆಗಳ ಅಡುಗೆ ವಹಿಸಿಕೊಳ್ಳಲು ಶುರುಮಾಡಿ ಅದನ್ನು ಮುಚ್ಚಿದ. ಎಡಕ್ಕೋ ಬಲಕ್ಕೋ ಎಂದು ಒತ್ತಿ ಕೇಳಿದರೆ ನಾನು ಪ್ರಮಾಣ ಮಾಡಲಾರೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ನಾನು ಕಲಿತದ್ದು, ಕಣ್ಣಾರೆ ಕಂಡವರ ಮಾತನ್ನು ಸುಲಭಕ್ಕೆ ನಂಬಬಾರದೆಂದು. ಕಂಡವನು ನಾನೇ ಆಗಿದ್ದರೆ ಅನುಮಾನ ಇನ್ನೂ ಜಾಸ್ತಿ.

ಅಣ್ಣ ಏಳೆಂಟು ವರ್ಷ ಮಂಗಳೂರಿನ ಹೋಟೆಲೊಂದರ ಅಡುಗೆಮನೆಯಲ್ಲಿದ್ದು ಊರಿಗೆ ಮರಳಿ, ಎರಡು ಸಾವಿರದ ಐದರಲ್ಲೋ ಆರರಲ್ಲೋ ಇದನ್ನು ತೆರೆದ. ನೂಡಲ್ಸ್, ಗೋಬಿ ಮಂಚೂರಿ, ಸಾಲದ್ದಕ್ಕೆ ಮಂಗಳೂರಲ್ಲಿ ಜೊತೆಗಿದ್ದ ನೇಪಾಳಿ ಅಡುಗೆಯವನಿಂದ ಕಲಿತ, ಮೈದಾ ಹಾಳೆಯೊಳಗೆ ಹೂರಣ ತುಂಬಿದ ಮೊಮೊ. ಗೋಬಿಗೆ ಕಾಲೇಜು ಹುಡುಗರು ಮುತ್ತಿಕೊಳ್ಳುತ್ತಿದ್ದರು. ಹಬೆಯಲ್ಲಿ ಬೆಂದು ಬಿಳುಚಿಕೊಂಡ ಮೊಮೊವನ್ನು ನೋಡಿದವರು ಮಾತ್ರ, ‘ಇದು ಬೆಂದಿದಾ ಇಲ್ವಾ?’ ಎಂದು ಕೇಳಿ ಮುಂದೆ ಹೋಗುತ್ತಿದ್ದರು.

ಆ ವರ್ಷ ಅಣ್ಣನಿಗೆ ಶೆಟ್ಟಿಕೊಪ್ಪದ ಕಡೆಯ ಒಬ್ಬ ಹುಡುಗಿ ಒಪ್ಪಿಗೆಯಾಗಿದ್ದಳು. ಅವಳಿಗೂ ಇವನು ಒಪ್ಪಿಗೆ. ಹೋಟೆಲಿನವನಿಗೆ ಮಗಳನ್ನು ಕೊಡಲು ಅವಳ ಅಪ್ಪ ಗೌಡರಿಗೇ ಮನಸ್ಸಿಲ್ಲ. ಹುಡುಗನ ಮನೆ ನೋಡಲು ಬರುವುದು ವಾಡಿಕೆಯಷ್ಟೆ. ಗೌಡರು ಮಾತ್ರ, ‘ಮನೆ ಆಮೇಲೆ ನೋಡನ. ಮೊದ್ಲು ಅವ ಮಾಡದು ಎಂತ ಅಂತ ನೋಡ್ತೀನಿ’ ಎಂದು ಹೇಳಿಕಳಿಸಿ, ಒಂದು ಮಧ್ಯಾಹ್ನ ಒಬ್ಬರೇ ಬಂದು ಹೋಟೆಲಿನ ಬೆಂಚಿನ ಮೇಲೆ ಕೂತರು. ಮಾತಿಗೆ ಜನವಿರಲಿ ಎಂದು ಅಣ್ಣ ನನ್ನನ್ನು ಅವರೆದುರು ಕೂರಿಸಿದ. ಗಾಬರಿಯಲ್ಲಿ, ತನಗೆ ಅತಿ ಹೆಮ್ಮೆಯಿದ್ದ ಕೋಳಿ ಮೊಮೊವನ್ನೇ ಇಬ್ಬರಿಗೂ ತಂದಿಟ್ಟ.

ಗೌಡರು ಒಂದನ್ನು ಎತ್ತಿ ತಿರುಗಿಸಿ ನೋಡಿದರು. ಹಲಸಿನಹಣ್ಣಿನ ಕಡುಬಿನ ಬಾಳೆಲೆ ಬಿಡಿಸುವಷ್ಟೇ ಜತನದಿಂದ ಮೇಲಿನ ಮೈದಾ ಪದರವನ್ನು ಸುಲಿದು ತಟ್ಟೆಯ ಅಂಚಿಗಿಟ್ಟು, ಒಳಗಿನ ಕೋಳಿಯನ್ನಷ್ಟೇ ಬಾಯಿಗೆ ಹಾಕಿಕೊಂಡರು.

ಅಣ್ಣ ಏನೋ ಹೇಳಲು ಬಂದ. ನಾನು ಕಣ್ಣಲ್ಲೇ ಬೇಡವೆಂದೆ. ಮಾವನಾಗಬೇಕಾದವರನ್ನು ತಿದ್ದುವುದುಂಟೇ? ಅವರಿಗೆ ಮುಜುಗರವಾಗದಿರಲಿ ಎಂದು ನಾನೂ ಒಂದನ್ನು ಸುಲಿದೆ.

‘ರುಚಿ ಅಡ್ಡಿಲ್ಲ ಮಾರಾಯ,’ ಎಂದರು ಗೌಡರು. ‘ಆದ್ರೆ ಇಷ್ಟೇ ಇಷ್ಟು ಹೂರಣಕ್ಕೆ ಅಷ್ಟು ಹಿಟ್ಟು ದಂಡ ಮಾಡ್ತೀಯಲ್ಲ. ಇಲ್ಲಿ ಬಾಳೆಲೆ ಸಿಗದಿಲ್ವಾ?’

ಅಣ್ಣನಿಗೆ ತಡೆಯಲಾಗಲಿಲ್ಲ. ‘ಗೌಡ್ರೆ, ಅದೂ ತಿನ್ನದೇ. ಸುಲಿಯದಲ್ಲ.’

ಗೌಡರ ಕೈ ನಿಂತಿತು. ಅಂಚಿನಲ್ಲಿ ಐದು ಸಿಪ್ಪೆಗಳಿದ್ದವು. ಅವನ್ನು ನೋಡಿದರು, ಅಣ್ಣನನ್ನು ನೋಡಿದರು, ಆಮೇಲೆ ನನ್ನ ತಟ್ಟೆ ನೋಡಿದರು.

‘ನಿಂಗೂ ಗೊತ್ತಿರ್ಲಿಲ್ವನಾ?’

‘ಗೊತ್ತಿತ್ತು,’ ಎಂದೆ.

‘ಗೊತ್ತಿದ್ದೂ ಸುಲಿದ್ಯಾ! ಎಷ್ಟು ಓದಿದೀಯ?’

‘ಎಂ.ಎ.’

‘ಹಂಗಾದ್ರೆ ಸರಿ.’

ಸುಲಿದಿಟ್ಟ ಐದನ್ನೂ ಒಂದೊಂದಾಗಿ ಕೆಂಪು ಚಟ್ನಿಗೆ ಅದ್ದಿ, ಕಣ್ಣಲ್ಲಿ ನೀರು ಬಂದರೂ ಬಿಡದೆ ತಿಂದು ಮುಗಿಸಿದರು. ಕೈ ತೊಳೆದು ಬಂದು ಅಣ್ಣನಿಗೆ, ‘ತಪ್ಪಿದ್ರೆ ತಪ್ಪು ಅಂತ ಮುಖದ ಮೇಲೆ ಹೇಳ್ತೀಯ, ಸಾಕು. ಈ ಭಾನುವಾರ ಮನೆ ನೋಡಕ್ಕೆ ಬರ್ತೀವಿ,’ ಎಂದರು. ನನ್ನ ಕಡೆ ತಿರುಗಿ, ‘ಸದ್ಯ, ಹುಡ್ಗಿ ಕೊಡದು ಎಂ.ಎ.ಗಲ್ಲ.’

ನನ್ನ ನೆನಪಿನಲ್ಲಿ ಇದು ಹೀಗೇ ನಡೆದದ್ದು. ಅತ್ತಿಗೆ ಒಪ್ಪುವುದಿಲ್ಲ. ‘ಅಪ್ಪ ಹಂಗೆಲ್ಲ ಸುಮ್ನೆ ಸುಲಿಯೋರಲ್ಲ ಮಾರಾಯ. ಎದ್ರಿಗೆ ಕೂತ ಓದಿದ ಹುಡ್ಗ ಸುಲಿದ, ಹಂಗೇ ತಿನ್ನದು ಅಂದ್ಕಂಡು ಅವ್ರೂ ಸುಲಿದ್ರು. ಅವತ್ತೇ ಮನೇಲಿ ಹೇಳಿದ್ರು.’

ಅದು ಸುಳ್ಳೆನ್ನಲು ನನ್ನ ಬಳಿ ಯಾವ ಪುರಾವೆಯೂ ಇಲ್ಲ. ನಿಜವಾಗಿದ್ದರೆ, ಮೊದಲು ಸುಲಿದು ಅವರ ದಾರಿ ತಪ್ಪಿಸಿ, ಆಮೇಲೆ ಅಣ್ಣನ ಬಾಯಿಯನ್ನೂ ಮುಚ್ಚಿಸಹೊರಟು, ಆ ಸಂಬಂಧವನ್ನು ಅವತ್ತು ತಪ್ಪಿಸಿಬಿಡುತ್ತಿದ್ದವನು ನಾನೇ.