ಎಮ್ಮೆ ಬಿಡದ ಪಂಚಮಿ

ನಾನು ಹುಟ್ಟಿ ಬೆಳೆದದ್ದು ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಹಾಲು ಎಂದರೆ ನಮಗೆ ಬಾಗಿಲಿಗೆ ಬರುವ ಪದಾರ್ಥ. ಬೆಳಿಗ್ಗೆ ಹಾಲಿನವನು ಕೂಗಿದರೆ ಪಾತ್ರೆ ಹಿಡಿದು ನಿಂತರಾಯಿತು. ಅದು ಎಮ್ಮೆಯಿಂದ ಬರುತ್ತದೆ ಅನ್ನುವುದು ಗೊತ್ತಿತ್ತು. ಆದರೆ ಎಮ್ಮೆಗೂ ಒಂದು ಮರ್ಜಿ ಇರುತ್ತದೆ, ಆ ಮರ್ಜಿ ನೋಡಿಕೊಂಡು ಒಬ್ಬ ಹೆಣ್ಣುಮಗಳು ತವರಿಗೆ ಹೋಗಬೇಕಾಗುತ್ತದೆ ಅನ್ನುವುದು ಗೊತ್ತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಸಿರುಗುಪ್ಪದ ಹತ್ತಿರದ ಒಂದು ಹಳ್ಳಿಗೆ ಸೊಸೆಯಾಗಿ ಹೋದ ಮೇಲೆ ಅದೂ ಗೊತ್ತಾಯಿತು.

ಮನೆಯಲ್ಲಿ ನಾವು ಮೂರೇ ಜನ. ನಾನು, ನಮ್ಮ ಯಜಮಾನರು, ಅತ್ತೆ. ಸಣ್ಣ ಸಂಸಾರ, ಮಗಳಿಗೆ ಕೆಲಸ ಕಡಿಮೆ ಎಂದು ನನ್ನ ಅವ್ವ ಖುಷಿಪಟ್ಟಿದ್ದಳು. ಪಾಪ, ಆಕೆ ನಾಲ್ಕು ಕಾಲಿನವರನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಜೋಡಿ ಎತ್ತು, ಆಡು, ಮೇಲೆ ಒಂದಿಷ್ಟು ಕೋಳಿ, ಕುರುಗೋಡಿನ ಕಡೆಯಿಂದ ಹೊಡೆದುಕೊಂಡು ಬಂದ ಒಂದು ಎಮ್ಮೆ. ಇಷ್ಟೂ ಜನಕ್ಕೆ ಬೆಳಿಗ್ಗೆ ಎದ್ದ ಕೂಡಲೇ ಹಸಿವಾಗುತ್ತಿತ್ತು, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

ಹಿತ್ತಲು ನಿನ್ನದು, ಏನು ಬೇಕಾದರೂ ಬೆಳೆದುಕೋ ಎಂದು ಅತ್ತೆ ಮೊದಲ ವಾರವೇ ಹೇಳಿದ್ದರು. ಬದನೆ, ಮೆಣಸಿನಕಾಯಿ, ಪುಂಡಿಪಲ್ಯ ಹಾಕಿದೆ. ಬೇಲಿಗೆ ಹೀರೆಬಳ್ಳಿ ಹಬ್ಬಿಸಿದೆ. ಬೀಜ ಊರಿದ ದಿನವೇ ಕೋಳಿಗಳು ಕೆದರಿ ತಿಂದವು. ಮತ್ತೆ ಊರಿದೆ. ಸಸಿ ಎದ್ದು ನಾಲ್ಕು ಎಲೆ ಬಿಡುವ ಹೊತ್ತಿಗೆ ಆಡು ಹಗ್ಗ ಕಿತ್ತುಕೊಂಡು ಬಂದು ನೆಲಕ್ಕೆ ಸಮ ಮೇಯ್ದಿತು. ಸುತ್ತ ಜಾಲಿಮುಳ್ಳು ಹಾಕಿದೆ. ಮುಳ್ಳು ಚುಚ್ಚಿದ್ದು ನನ್ನ ಕಾಲಿಗೆ, ಆಡಿಗಲ್ಲ. ಸಿಟ್ಟು ತಡೆಯದೆ ಬೈದರೆ ಅತ್ತೆ, "ಬಾಯಿಲ್ಲದ ಜೀವ ಯವ್ವಾ, ಬೈಬ್ಯಾಡ" ಅನ್ನುತ್ತಿದ್ದರು. ಬಾಯಿಲ್ಲದಿದ್ದರೆ ನನ್ನ ಬದನೆ ಎಲ್ಲಿಗೆ ಹೋಯಿತು ಎಂದು ಕೇಳುವಷ್ಟು ಧೈರ್ಯ ನನಗಿನ್ನೂ ಬಂದಿರಲಿಲ್ಲ.

ಇದನ್ನೆಲ್ಲ ನಾನು ಸಹಿಸಿಕೊಂಡದ್ದು ಪಂಚಮಿಯ ಆಸೆಗೆ. ನಮ್ಮ ಕಡೆ ನಾಗರಪಂಚಮಿ ಹೆಣ್ಣುಮಕ್ಕಳ ಹಬ್ಬ. ಶ್ರಾವಣ ಬಂತೆಂದರೆ ತವರಿನಿಂದ ಅಣ್ಣನೋ ತಮ್ಮನೋ ಕರೆಯಲು ಬರುತ್ತಾನೆ. ಹೋಗಿ ಜೋಕಾಲಿ ಆಡಬೇಕು, ಶೇಂಗಾ ಉಂಡಿ, ಎಳ್ಳುಂಡಿ ತಿನ್ನಬೇಕು, ನಾಗಪ್ಪನಿಗೆ ಹಾಲೆರೆಯಬೇಕು, ಹೊತ್ತು ಏರುವ ತನಕ ಮಲಗಬೇಕು. ವರ್ಷವಿಡೀ ದುಡಿದದ್ದಕ್ಕೆ ಸಿಗುವ ರಜೆ ಅದೊಂದೇ. ಮದುವೆಯಾದ ವರ್ಷ ಹೋಗಿ ಬಂದೆ. ಅವ್ವ ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸಿದ್ದಳು. ಅಂಗೈ ಕೆಂಪಗಾಗುವ ಹಾಗೆ ಆಡಿದೆ.

ಅದೇ ವರ್ಷ ದೀಪಾವಳಿ ಕಳೆದ ಮೇಲೆ ಅತ್ತೆ ಕಾಲುವೆಯ ಪಾವಟಿಗೆಯಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಎಲುಬು ಕೂಡಿತು, ಆದರೆ ಕೈಗೆ ಹಿಡಿತ ಬರಲಿಲ್ಲ. ಅಲ್ಲಿಯವರೆಗೆ ಎಮ್ಮೆ ಹಿಂಡುತ್ತಿದ್ದವರು ಅವರು. ಈಗ ಆ ಕೆಲಸ ನನ್ನ ಕೊರಳಿಗೆ ಬಿತ್ತು. ಯಜಮಾನರು ಯಾಕೆ ಹಿಂಡಬಾರದು ಎಂದು ಕೇಳಿದೆ. ಆ ಮನೆಯಲ್ಲಿ ಎತ್ತು ಗಂಡಸರಿಗೆ, ಎಮ್ಮೆ ಹೆಂಗಸರಿಗೆ. "ಗಂಡಸರ ಕೈ ಬಿದ್ರ ಎಮ್ಮಿ ಬತ್ತತೈತಿ" ಎಂದರು ಅತ್ತೆ. ಪಕ್ಕದ ಮನೆಯ ಸಾಬರು ದಿನಾ ಎರಡು ಹೊತ್ತೂ ತಾವೇ ಹಿಂಡುತ್ತಿದ್ದರು, ಅವರ ಎಮ್ಮೆ ಬತ್ತಿರಲಿಲ್ಲ. ಅದನ್ನು ಹೇಳಿದರೆ, "ಅದು ಅವರ ಎಮ್ಮಿ" ಎಂದು ಮಾತು ಮುಗಿಸಿದರು.

ನಾನು ಹಿಂಡಲು ಕೂತ ಮೊದಲ ದಿನ ಎಮ್ಮೆ ಹಿಂದಿರುಗಿ ನನ್ನನ್ನು ಒಮ್ಮೆ ನೋಡಿತು. ಅಷ್ಟೇ. ಕೆಚ್ಚಲು ಬಿಗಿದು ನಿಂತಿದ್ದರೂ ಒಂದು ಹನಿ ಇಳಿಸಲಿಲ್ಲ. ಕರು ಬಿಟ್ಟು ನೋಡಿದೆ, ಹತ್ತಿಕಾಳು ಇಟ್ಟು ನೋಡಿದೆ. ಹತ್ತಿಕಾಳು ತಿಂದಿತು, ಹಾಲು ಕೊಡಲಿಲ್ಲ. ಎಮ್ಮೆ ಜನರನ್ನು ಗುರುತು ಹಿಡಿಯುವುದು ಮೂಗಿನಿಂದ, ಹಿಂಡುವವರು ಬದಲಾದರೆ ಹಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ ಎಂದು ಅತ್ತೆ ಹೇಳಿದರು. ಅದಕ್ಕೆ ಆ ಊರಲ್ಲಿ ಒಂದು ಉಪಾಯವೂ ಇತ್ತು. ಹಳೆಯವರು ಉಟ್ಟುಬಿಟ್ಟ ಸೀರೆಯನ್ನು ಒಗೆಯದೆ ಹೊಸಬರು ಉಟ್ಟು ಕೂರಬೇಕು. ಹಾಗಾಗಿ ಬೆಳಿಗ್ಗೆ ಎದ್ದು, ಅತ್ತೆಯ ಬೆವರು, ಒಲೆಯ ಹೊಗೆ, ಎಲೆ ಅಡಿಕೆ ಎಲ್ಲ ಮೆತ್ತಿದ ಸೀರೆಯನ್ನು ಮೂಗು ಮುಚ್ಚಿಕೊಂಡು ಸುತ್ತಿಕೊಳ್ಳುತ್ತಿದ್ದೆ. ಎಮ್ಮೆ ಮೂಸಿ ನೋಡಿ, ಹೌದೋ ಅಲ್ಲವೋ ಎಂದು ಯೋಚಿಸಿ, ಕೊನೆಗೆ ಹಾಲು ಇಳಿಸುತ್ತಿತ್ತು. ಕೆಲವು ವಾರಗಳಲ್ಲಿ ನನ್ನ ಸೀರೆಗೂ ಒಗ್ಗಿತು. ಊರೆಲ್ಲ ಶಾಭಾಸ್ ಅಂದಿತು. ನಾನೂ ಬೀಗಿದೆ, ಸುಳ್ಳೇಕೆ ಹೇಳಲಿ.

ಮುಂದಿನ ಶ್ರಾವಣಕ್ಕೆ ತಮ್ಮ ಬಂದ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗ, ರಜೆ ಹಾಕಿ ಬಂದಿದ್ದ. ನನ್ನ ಚೀಲ ಮೂರು ದಿನದ ಮೊದಲೇ ಕಟ್ಟಿ ಇಟ್ಟದ್ದು. ಆಗ ಅತ್ತೆ ಕೇಳಿದರು: "ಈಕಿ ಹೋದ್ರ ಎಮ್ಮಿ ಯಾರು ಹಿಂಡಬೇಕು?" ಎಮ್ಮೆ ಈದು ಇನ್ನೂ ತಿಂಗಳಾಗಿರಲಿಲ್ಲ, ಕೊಡ ತುಂಬ ಹಾಲು. ನಾನು ಯಜಮಾನರ ಮುಖ ನೋಡಿದೆ. ಪದ್ಧತಿ ಇರಲಿ ಬಿಡಿ, ಒಮ್ಮೆ ನೀವೇ ಹಿಂಡಿ ನೋಡಿ ಎಂದೆ. ಅವರು ತಂಬಿಗೆ ತೆಗೆದುಕೊಂಡು ಕೊಟ್ಟಿಗೆಗೆ ಹೋದರು. ಸ್ವಲ್ಪ ಹೊತ್ತಿಗೆ ಬರಿ ತಂಬಿಗೆ ತಂದು ಕಟ್ಟೆಯ ಮೇಲೆ ಇಟ್ಟರು.

"ಕೊಡವಲ್ದು. ಒದೀತೈತಿ" ಎಂದರು.

ಇನ್ನೇನು ಮಾತು? ತಮ್ಮ ಒಬ್ಬನೇ ಬಸ್ಸು ಹತ್ತಿದ. ಹಬ್ಬದ ದಿನ ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ, ತವರಿಗೆ ಬಂದವರು, ನಾಗಪ್ಪನಿಗೆ ಎರೆಯಲು ಹಾಲು ಕೇಳಿಕೊಂಡು ನಮ್ಮ ಮನೆಗೇ ಬಂದರು. ಎಲ್ಲರ ಬಟ್ಟಲಿಗೂ ನಾನೇ ಸುರಿದೆ. ಅವರು ನಾಗರಕಟ್ಟೆಗೆ ಹೋಗಿ "ಅವ್ವನ ಪಾಲು, ಅಪ್ಪನ ಪಾಲು" ಎಂದು ಎರೆಯುತ್ತಿದ್ದರೆ ನಾನು ಸೆಗಣಿ ಬಳಿಯುತ್ತಿದ್ದೆ. ಅದರ ಮರುವರ್ಷ ತಮ್ಮ ಚಪ್ಪಲಿ ಬಿಡುವ ಮೊದಲೇ ಅತ್ತೆ, "ಎಮ್ಮಿ ಬಿಡಾಂಗಿಲ್ಲಪ್ಪ" ಎಂದುಬಿಟ್ಟರು. ಆ ಸಲ ತಂಬಿಗೆ ಕೂಡ ಕೊಟ್ಟಿಗೆಗೆ ಹೋಗಲಿಲ್ಲ. ಬಳ್ಳಾರಿಯಲ್ಲಿ ಅವ್ವ ಎರಡೂ ವರ್ಷ ಜೋಕಾಲಿ ಕಟ್ಟಿಸಿ, ಓಣಿಯ ಮಕ್ಕಳು ಆಡಿದ ಮೇಲೆ ಬಿಚ್ಚಿಸಿದಳಂತೆ.

ನನಗೆ ಎಮ್ಮೆಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದರ ಮೈ ತೊಳೆಯುವಾಗ ಕಾಲುವೆಯಲ್ಲಿ ನಿಂತು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಅದು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು.

ಮೂರನೆಯ ವರ್ಷ ತಮ್ಮ ಅಂಗಡಿ ಕೆಲಸಕ್ಕೆಂದು ಸಿರುಗುಪ್ಪಕ್ಕೆ ಬಂದವನು ಹಬ್ಬಕ್ಕೆ ಮುಂಚೆಯೇ ಮನೆಗೆ ಬಂದ. ಅತ್ತೆ ಒಳಗಿದ್ದರು. ಬೇಲಿಯ ಹತ್ತಿರ ನಿಂತು ನನ್ನೊಬ್ಬಳಿಗೇ ಹೇಳಿದ:

"ಅಕ್ಕಾ, ಎರಡು ಸಲ ಒಬ್ಬನ ಹೋಗೀನಿ. ಅವ್ವ ಬಾಗಲಾಗ ನಿಂತು ನನ್ನ ಹಿಂದ ನೋಡ್ತಾಳ, ನೀ ಬಂದಿಯೇನು ಅಂತ. ಈ ಸಲ ಬರ್ದಿದ್ರ ಮುಂದಿನ ವರ್ಷ ನಾ ಕರಿಯಾಕ ಬರಾಂಗಿಲ್ಲ. ನನ್ನ ಕೈಲೆ ಆಗಾಂಗಿಲ್ಲ."

ಅವನು ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ಮೆಲ್ಲಗೆ ಹೇಳಿದ, ಅದಕ್ಕೇ ಹೆದರಿದೆ. ಕರೆಯುವವರು ಬರದಿದ್ದರೆ ಮಗಳು ಹೋಗುವ ಹಾಗಿಲ್ಲ. ಒಂದು ಸಲ ಆ ಕರೆ ನಿಂತರೆ ತವರು ಮುಗಿದ ಹಾಗೆ.

ಆ ಸಂಜೆ ಊಟ ಬಡಿಸುತ್ತ ಯಜಮಾನರಿಗೆ ಹೇಳಿದೆ: "ನಾಳಿಂದ ನೀವು ನನ್ನ ಸೀರಿ ಉಟ್ಟು ಹಿಂಡಾಕ ಕುಂದರ್ರಿ."

ಅತ್ತೆಯ ಕೈಯ ತುತ್ತು ಅಲ್ಲೇ ನಿಂತಿತು. "ಲೇ, ಹುಚ್ಚು ಹಿಡಿದೈತೇನು? ಮಂದಿ ನೋಡಿದ್ರ ಏನಂತಾರ?"

"ನಿಮ್ಮ ಸೀರಿ ಉಟ್ಟು ನಾ ಕುಂತಾಗ ಮಂದಿ ಏನಂದ್ರು? ಆಗ ಮಂದಿ ಇರ್ಲಿಲ್ಲೇನು?" ಎಂದೆ. ಆ ಮನೆಯಲ್ಲಿ ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಹಿಂಡದಿದ್ದರೆ ಎಮ್ಮೆಯನ್ನೂ ಹೊಡೆದುಕೊಂಡೇ ಬಳ್ಳಾರಿಗೆ ಹೋಗುತ್ತೇನೆ ಎಂದೂ ಸೇರಿಸಿದೆ. ಯಜಮಾನರು ರೊಟ್ಟಿ ಮುರಿಯುತ್ತ, "ಆತು ಬಿಡು" ಎಂದರು.

ಬೆಳಕು ಹರಿಯುವ ಮೊದಲೇ ಕೊಟ್ಟಿಗೆಯ ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟು ಅವರಿಗೆ ಸೀರೆ ಸುತ್ತಿದೆ. ನಾನು ಉಡುವ ಸೀರೆ ಆ ಎತ್ತರದ ಆಳಿಗೆ ಮೊಳಕಾಲಿಗೇ ನಿಂತಿತು. ಮೀಸೆಯ ಮೇಲೆ ಸೆರಗು ಹೊದ್ದು ಕೂತರು. ನಗು ತಡೆಯಲು ನಾನು ಗೋಡೆಯ ಕಡೆ ತಿರುಗಿದೆ. ಎಮ್ಮೆ ಮೂಸಿತು, ತಲೆ ಕೊಡವಿತು, ಮತ್ತೆ ಮೂಸಿತು. ನಾನು ಅದರ ಕೊರಳು ತುರಿಸುತ್ತ ಪಕ್ಕದಲ್ಲೇ ನಿಂತೆ. ಮೊದಲ ದಿನ ಒಂದು ಲೋಟ ಬಂತು. ಬರಬರುತ್ತ ಅರ್ಧ ತಂಬಿಗೆ. ಹಬ್ಬ ಹತ್ತಿರ ಬಂದರೂ ಪೂರ್ತಿ ಕೊಡಲಿಲ್ಲ. ಆದರೂ ತಮ್ಮ ಬಂದ ದಿನ ಚೀಲ ಹಿಡಿದು ನಡೆದೇಬಿಟ್ಟೆ. ಹಿಂಡುವಾಗ ಉಡುವ ಸೀರೆಯನ್ನು ಒಗೆಯದೆ ಗೂಟಕ್ಕೆ ನೇತು ಹಾಕಿ, ಸೆರಗು ತಲೆ ಮೇಲೆ ಬರಬೇಕು ಎಂದು ಮತ್ತೆ ಮತ್ತೆ ಹೇಳಿ ಬಂದೆ.

ತವರಲ್ಲಿ ನೆಮ್ಮದಿಯಾಗಿದ್ದೆ ಎಂದರೆ ಸುಳ್ಳು. ಜೋಕಾಲಿಯ ಮೇಲೆ ಕೂತರೂ ಎಮ್ಮೆಯ ಚಿಂತೆ. ಹಾಲು ಕಟ್ಟಿ ಕೆಚ್ಚಲು ಬಾತರೆ? ಅತ್ತೆ ಬೈಯುತ್ತಿದ್ದಾರೇನೋ? ಅವ್ವ ನನ್ನ ಕೈ ಹಿಡಿದು ನೋಡಿ, ಹಿಂಡಿ ಹಿಂಡಿ ಗಟ್ಟಿಯಾದ ಹೆಬ್ಬೆರಳನ್ನು ಸವರಿದಳು. "ಆ ಎಮ್ಮಿಗೆ ಎಷ್ಟು ಶಾಪ ಹಾಕೀನಿ ಗೊತ್ತೇನವ್ವ, ಎರಡು ವರ್ಷ ನನ್ನ ಮಗಳನ್ನ ಕಟ್ಟಿ ಹಾಕ್ಕೊಂತು" ಎಂದಳು. ಹೊರಡುವ ದಿನ ಉಂಡಿಯ ಡಬ್ಬಿಯ ಜೊತೆ ಒಂದಿಷ್ಟು ಉಂಡಿಯನ್ನು ಬೇರೆ ಸಣ್ಣ ಗಂಟು ಕಟ್ಟಿ ಕೊಟ್ಟಳು. "ಇದು ಎಮ್ಮಿಗೆ. ಈ ವರ್ಷ ಬಿಟ್ಟು ಕಳಿಸ್ತಲ್ಲ, ಬೈದಿದ್ದು ತಪ್ಪಾತು ಅಂತ ಹೇಳು." ನಾನೂ ತಮ್ಮನೂ ನಕ್ಕೆವು. ಆಕೆ ಮಾತ್ರ ನಗಲಿಲ್ಲ, ನಿಜವಾಗಿಯೇ ಹೇಳಿದ್ದಳು.

ತಮ್ಮ ಊರ ತನಕ ಬಿಡಲು ಬಂದ. ನಾವು ಮನೆ ಮುಟ್ಟಿದಾಗ ಸಂಜೆ ಹಿಂಡುವ ಹೊತ್ತು. ಕೊಟ್ಟಿಗೆಯಿಂದ ತಂಬಿಗೆಗೆ ಹಾಲು ಬೀಳುವ ಸದ್ದು ಕೇಳುತ್ತಿತ್ತು, ಒಂದೇ ಸಮನೆ, ತಡವರಿಕೆ ಇಲ್ಲದೆ. ನನಗೆ ಖುಷಿಯಾಗಿ ಚೀಲ ಅಲ್ಲೇ ಬಿಟ್ಟು ಓಡಿದೆ. ಯಜಮಾನರು ಕೂತಿದ್ದರು. ಧೋತರ, ಬನಿಯನ್. ಸೀರೆ ನಾನು ಹಾಕಿದ ಗೂಟದ ಮೇಲೆ ಹಾಗೇ ಇತ್ತು, ಅದರ ಮೇಲೆ ಧೂಳು ಕೂತಿತ್ತು.

"ಸೀರಿ ಉಟ್ಟಿಲ್ಲ?" ಎಂದೆ.

"ಎಲ್ಲಿ ಸೀರಿ? ನೀ ಹೋದ ದಿನಾನ ಬಿಟ್ಟೆ. ಹಂಗ ಕುಂತೆ, ಕೊಡ್ತು."

"ತುಂಬ?"

"ತುಂಬ."

ತಂಬಿಗೆ ನೊರೆ ಕಟ್ಟಿ ಅಂಚಿಗೆ ಬಂದಿತ್ತು. ನನಗೆ ಒಂದು ಹಳೆಯ ಮಾತು ನೆನಪಾಯಿತು. "ಹಂಗಾದ್ರ ಅವತ್ತು ಒದೀತೈತಿ ಅಂದ್ರೆಲ್ಲ, ಮೊದಲನೇ ವರ್ಷ? ಅವತ್ತು ಕುಂತಿದ್ರೇನು?"

ಅವರು ಕೆಟ್ಟವರಲ್ಲ. ಸುಳ್ಳನ್ನು ಬಹಳ ಹೊತ್ತು ಹಿಡಿದುಕೊಳ್ಳಲು ಬರುತ್ತಿರಲಿಲ್ಲ. ಎಮ್ಮೆಯ ಕಾಲಿನ ಹಗ್ಗ ಬಿಚ್ಚುತ್ತ ಹೇಳಿದರು: "ಕುಂದರ್ಲಿಲ್ಲ. ಭತ್ತದ ನಾಟಿ ನಡದಿತ್ತು. ಆಳುಮಂದಿಗೆ ರೊಟ್ಟಿ ಬಡಿಯಾಕ ಯಾರಿದ್ರು? ಅವ್ವನ ಕೈ ಹಂಗಾಗಿತ್ತು. ನೀ ಹೋದ್ರ ಹೆಂಗ ಅಂತ… ಎಮ್ಮಿ ಹೆಸರು ಹೇಳಿದ್ವಿ."

ಹೇಳಿದೆವು ಎಂದರು, ಹೇಳಿದೆ ಅನ್ನಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಲಿಲ್ಲ, ಕರುವನ್ನು ಕರೆದು ಅತ್ತ ಹೋದರು. ನಿಜ ಹೇಳಿದ್ದರೆ ನಾನೇ ನಿಲ್ಲುತ್ತಿದ್ದೆನೋ ಏನೋ. ನಾಟಿ ಮುಗಿಸಿ ಒಂದು ದಿನದ ಮಟ್ಟಿಗಾದರೂ ಹೋಗಿ ಬರುತ್ತಿದ್ದೆ. ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಎರಡು ಪಂಚಮಿ ನುಂಗಿದ್ದು ಒಂದು ಮೂಕ ಪ್ರಾಣಿಯ ಹಟವೆಂದು ನಂಬಿ, ನಾನು ಅದರ ಜೊತೆ ಜಗಳವಾಡಿಕೊಂಡಿದ್ದೆ. ಆ ತಂಬಿಗೆಯನ್ನು ಒದ್ದುಬಿಡಬೇಕು ಅನ್ನಿಸಿತು. ಒದೆಯಲಿಲ್ಲ. ಹಾಲು ಒಲೆಯ ಮೇಲಿಡಬೇಕಿತ್ತು.

ತಮ್ಮ ನನ್ನ ಹಿಂದೆಯೇ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಅವನ ಮುಖ ಕಪ್ಪಿಟ್ಟಿತ್ತು. ಭಾವನಿಗೆ ಏನಾದರೂ ಅಂದುಬಿಡುತ್ತಾನೆಂದು ಹೆದರಿ, ಅವನ ತೋಳು ಹಿಡಿದು ಬೇಲಿಯ ಹತ್ತಿರ ಕರೆತಂದೆ.

"ಅವ್ವಗ ಏನಂತ ಹೇಳ್ಲಿ ಅಕ್ಕಾ?" ಎಂದ.

"ಏನೂ ಹೇಳಬ್ಯಾಡ. ಎಮ್ಮಿಗೆ ಉಂಡಿ ತಿನ್ನಿಸಿದೆ, ತಿಂತು ಅಂತ ಹೇಳು. ಎಮ್ಮಿನೇ ನನ್ನ ಬಿಟ್ಟಿರಲಿಲ್ಲ ಅಂತನ ತಿಳ್ಕೊಂಡಿರ್ಲಿ. ನನ್ನನ್ನ ಮನಿ ಮಂದಿ ಕಟ್ಟಿ ಹಾಕಿದ್ರು ಅಂತ ಗೊತ್ತಾದ್ರ ಆಕಿಗೆ ನಿದ್ದಿ ಬರಾಂಗಿಲ್ಲ."