ಮಹಡಿ ಮನೆಯ ಸಿಂಚನ

ಮಧ್ಯಾಹ್ನದ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಕೂಲರಿನ ಎದುರು ಚಾಪೆ ಹಾಸಿಕೊಂಡು ಇನ್ನೇನು ಕಣ್ಣು ಹತ್ತಬೇಕು ಎನ್ನುವಾಗ ಕರೆಗಂಟೆ ಬಡಿದುಕೊಳ್ಳುತ್ತಿತ್ತು. ಒಮ್ಮೆ ಒತ್ತಿ ಕಾಯುವವರ ಗಂಟೆಯಲ್ಲ ಅದು. ಬಾಗಿಲು ತೆಗೆಯುವವರೆಗೂ ಬೆರಳು ಕೀಳದವರ ಗಂಟೆ. ತೆಗೆದರೆ ಎದುರಿಗೆ ಸಿಂಚನ. ಎರಡು ಜಡೆಯಲ್ಲಿ ಒಂದು ಬಿಚ್ಚಿಹೋಗಿರುತ್ತಿತ್ತು, ಮೊಣಕಾಲಿನ ಮೇಲೆ ಹೊಸದೊಂದು ತರಚುಗಾಯ, ಮುಷ್ಟಿಯೊಳಗೆ ಏನೋ ಒಂದು.

"ಆಂಟಿ, ನಿಮಗೆ ಒಂದು ವಿಷಯ ಗೊತ್ತಾ?"

"ಗೊತ್ತು ಕಣೇ, ಹೋಗಿ ಮಲಕ್ಕೋ."

"ಗೊತ್ತಾ? ಹಾಗಾದ್ರೆ ಹೇಳಿ, ಏನು?"

ಇದಕ್ಕೆ ಯಾರಾದರೂ ಏನು ಉತ್ತರ ಕೊಡಬೇಕು? ಅಳಿಲು ತಲೆಕೆಳಗಾಗಿ ಮರ ಇಳಿಯುವಾಗ ಅದರ ಹಿಂಗಾಲು ಹಿಂದುಮುಂದಾಗಿ ತಿರುಗಿಕೊಳ್ಳುತ್ತದೆ ಎನ್ನುವುದನ್ನು ತಿಳಿದುಕೊಳ್ಳಲು ನಾನು ದೆಹಲಿಯ ಜೂನ್ ಬಿಸಿಲಿನಲ್ಲಿ ಬರಿಗಾಲಲ್ಲಿ ಬೇವಿನ ಮರದ ಬುಡಕ್ಕೆ ಹೋಗಿ ನಿಲ್ಲಬೇಕಾಗುತ್ತಿತ್ತು. ಹೊಟ್ಟೆಯಲ್ಲಿ ಮಾತು ನಿಲ್ಲದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರೆಲ್ಲ ಬೇರೆಯವರ ಮನೆಯ ಗುಟ್ಟು ಹೊರಗೆ ಹಾಕುವವರು. ಈ ಹುಡುಗಿಯ ಹೊಟ್ಟೆಯಲ್ಲಿ ನಿಲ್ಲದಿದ್ದುದು ಅಳಿಲು, ಗೂಬೆ, ಕಲ್ಲು, ಕೋಟೆ ಮತ್ತು ಲೈಬ್ರರಿ ಪುಸ್ತಕ.

ನಾವು ದಾವಣಗೆರೆಯಿಂದ ವರ್ಗವಾಗಿ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿಗೆ ಬಂದಾಗ ನಮ್ಮ ಮಗ ಪ್ರಣವನಿಗೆ ಎಂಟು ವರ್ಷ, ಮಹಡಿ ಮನೆಯ ಸಿಂಚನಳಿಗೆ ಹನ್ನೊಂದು. ಅವಳ ಅಪ್ಪ ಅಮ್ಮ ಚಿತ್ರದುರ್ಗದವರು. ಹುಡುಗಿ ಮಾತ್ರ ಹುಟ್ಟಿದ್ದೂ ಬೆಳೆದದ್ದೂ ದೆಹಲಿಯಲ್ಲೇ. ಕನ್ನಡ ಅರ್ಥವಾಗುತ್ತಿತ್ತು. ಮಾತಾಡಿದರೆ ಗಂಡು, ಹೆಣ್ಣು, ದನ, ಕರು ಎಲ್ಲ ಒಂದೇ ಕೊಟ್ಟಿಗೆಯಲ್ಲಿ. "ಮಮ್ಮಿ ಮಲಗಿದ್ದಾನೆ ಆಂಟಿ, ಪಪ್ಪಾ ಆಫೀಸಿಗೆ ಹೋದಳು," ಎಂದು ತಲೆಯೆತ್ತಿ ಹೇಳುತ್ತಿದ್ದಳು. ನಾವು ನಕ್ಕರೆ ತಾನೂ ನಕ್ಕು, ಮುಂದಿನ ತಪ್ಪಿಗೆ ಹೋಗುತ್ತಿದ್ದಳು.

ಪ್ರತಿ ಭಾನುವಾರ ಸಂಜೆ ಹಿಂದಿನ ಹುಲ್ಲುಹಾಸಿನಲ್ಲಿ ಅವಳ ದರ್ಬಾರು. ಪಂಜಾಬಿ, ಬಂಗಾಳಿ, ತಮಿಳು, ನಮ್ಮವು, ಹೀಗೆ ಸುತ್ತಲ ಬ್ಲಾಕಿನ ಮಕ್ಕಳೆಲ್ಲ ಅಲ್ಲಿ ಸೇರಬೇಕು. ಆ ವಾರ ಓದಿದ್ದು, ಹೋಗಿಬಂದ ಊರು, ಗಿಡದ ಸಂದಿಯಲ್ಲಿ ಕಂಡದ್ದು ಏನಾದರೂ ಒಂದನ್ನು ಉಳಿದವರಿಗೆ ಹೇಳಬೇಕು. ಬರೀ ಕೇಳಿ ಎದ್ದುಹೋಗುವಂತಿಲ್ಲ. "ಸುನಾ ಹೈ ತೋ ಸುನಾನಾ ಪಡೇಗಾ," ಎಂಬುದು ಅವಳ ಶಾಸನ. ಕೇಳಿದ್ದೀಯಾ, ಹಾಗಾದರೆ ನೀನೂ ಹೇಳಲೇಬೇಕು. ಪುಸ್ತಕದ ಕಥೆಯನ್ನು ಅವಳು ನಡುದಾರಿಯ ತನಕ ಹೇಳಿ, ಕಳ್ಳ ಬಾವಿಯೊಳಗೆ ಇಳಿದಾಗಲೋ ಹುಡುಗಿ ಕಾಡಿನಲ್ಲಿ ತಪ್ಪಿಸಿಕೊಂಡಾಗಲೋ ನಿಲ್ಲಿಸಿ, "ಮುಂದಿಂದು ನೀವೇ ಓದಿ," ಎಂದುಬಿಡುತ್ತಿದ್ದಳು. ಪುಸ್ತಕ ಒಂದು, ಮಕ್ಕಳು ಹತ್ತಾರು. ಆ ಜಗಳದ ಪಂಚಾಯಿತಿ ನೆಲಮನೆಯವಳಾದ ನನ್ನ ಮೆಟ್ಟಿಲ ಮೇಲೆ.

ದಸರಾ ರಜೆಗೆ ಅಜ್ಜಿಯ ಊರಿಗೆ ಹೋಗಿ ಕೋಟೆ ನೋಡಿಕೊಂಡು ಬಂದಳು. ಆ ಭಾನುವಾರ ನಮ್ಮ ಹಿತ್ತಲ ಗೋಡೆ ಏಳು ಸುತ್ತಿನ ಕೋಟೆಯಾಯಿತು. ಆ ಗೋಡೆಯಲ್ಲಿ ಇಟ್ಟಿಗೆ ಬಿದ್ದು ಆಗಿದ್ದ ಒಂದು ಕಂಡಿಯಿತ್ತು. ಕಿಂಡಿಯಲ್ಲಿ ನುಸುಳಿ ಬರುವ ವೈರಿಗಳ ತಲೆಗೆ ಒಬ್ಬೊಬ್ಬರಿಗೂ ಒನಕೆಯ ಏಟು ಹಾಕಿದ ವೀರ ಹೆಂಗಸಿನ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಸಿಂಚನ ಅದನ್ನು ಕೈಕಾಲು ಆಡಿಸಿ ಹೇಳಿದಳು. ಕೇಳಿದ ಪಂಜಾಬಿ ಹುಡುಗಿ ಮನ್ನತಳಿಗೆ ಆವೇಶ ಬಂತು. ಒನಕೆ ಎಲ್ಲಿಂದ ಬರಬೇಕು? ನನ್ನ ಅಡುಗೆಮನೆಯ ಲಟ್ಟಣಿಗೆ ಹೋಯಿತು. ಹತ್ತಿರದ ದಾರಿಯೆಂದು ದಿನವೂ ಆ ಕಂಡಿಯಲ್ಲೇ ಬಗ್ಗಿ ಬರುತ್ತಿದ್ದ ಹಾಲಿನ ಭಯ್ಯಾ ಅವತ್ತೂ ತಲೆ ತೂರಿಸಿದ.

ಪುಣ್ಯಕ್ಕೆ ಏಟು ಅವನ ಪೇಟದ ಮೇಲೆ ಬಿತ್ತು. ಹಾಲು ಚೆಲ್ಲಿತು, ಭಯ್ಯಾ ಕೂಗಾಡಿದ, ಅಕ್ಕಪಕ್ಕದವರೆಲ್ಲ ಹೊರಬಂದರು. ನಾನು ಸಿಂಚನಳ ಕಿವಿ ಹಿಡಿದು ಕೇಳಿದೆ, "ಏನೇ ಇದು?"

"ಆಂಟಿ, ನಾನು ಬರೀ ಹೇಳಿದ್ದು. ಹೊಡೆಯೋಕೆ ಹೇಳ್ಲಿಲ್ಲ," ಎಂದಳು. ಸ್ವಲ್ಪ ಯೋಚಿಸಿ, "ಆದ್ರೆ ಮನ್ನತ್ ಚೆನ್ನಾಗಿ ಕೇಳಿಸಿಕೊಂಡಿದ್ದಾಳೆ, ಅಲ್ವಾ?" ಎಂದೂ ಸೇರಿಸಿದಳು.

ವರಮಹಾಲಕ್ಷ್ಮಿ ಹಬ್ಬದ ದಿನ ಮಾಡಿದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಹೊಸ ಊರಿನಲ್ಲಿ ನನ್ನ ಮೊದಲ ಹಬ್ಬ. ಕನ್ನಡದ ಹೆಂಗಸರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆದಿದ್ದೆ. ದೆಹಲಿಯ ಇನ್ನೊಂದು ತುದಿಯ ದ್ವಾರಕಾದಿಂದ ಎರಡು ಬಸ್ಸು ಬದಲಾಯಿಸಿಕೊಂಡು ಹಿರಿಯರಾದ ಮಂಗಳಮ್ಮನವರೂ ಬಂದಿದ್ದರು. ಮಡಿ, ಮೈಲಿಗೆ ಎಲ್ಲ ನೋಡುವವರು. ಕಳಶಕ್ಕೆ ಆರತಿ ಎತ್ತುವ ಹೊತ್ತಿಗೆ ಮೂಲೆಯಲ್ಲಿ ಮಕ್ಕಳು ಗುಂಪುಕಟ್ಟಿಕೊಂಡು ಉಸಿರು ಬಿಗಿಹಿಡಿದು ಕೂತಿದ್ದವು. ಮಕ್ಕಳು ಇಷ್ಟು ಸದ್ದಿಲ್ಲದೆ ಕೂತಿವೆಯೆಂದರೆ ಅನಾಹುತವೇ ಎಂದುಕೊಂಡು ಹೋಗಿ ಬಗ್ಗಿ ನೋಡಿದೆ. ತಾಂಬೂಲಕ್ಕೆಂದು ಇಟ್ಟಿದ್ದ ಹೊಸ ತಟ್ಟೆಯ ಮೇಲೆ ಬೂದುಬಣ್ಣದ ಉಂಡೆಯೊಂದನ್ನು ಇಟ್ಟುಕೊಂಡು ಸಿಂಚನ ಪಿನ್ನಿನಿಂದ ಬಿಡಿಸುತ್ತಿದ್ದಳು. ಒಳಗಿನಿಂದ ಕೂದಲು, ಸಣ್ಣ ಸಣ್ಣ ಮೂಳೆ, ಹಲ್ಲಿದ್ದ ಒಂದು ಪುಟ್ಟ ದವಡೆ.

"ಏನಮ್ಮಾ ಅದು?" ಮಂಗಳಮ್ಮನವರು ಅಲ್ಲಿಂದಲೇ ಕೇಳಿದರು.

"ಗೂಬೆ ವಾಂತಿ ಅಜ್ಜಿ! ಇಲಿಯನ್ನು ಇಡೀ ನುಂಗುತ್ತೆ, ಮೂಳೆ ಎಲ್ಲ ಹೀಗೆ ಉಂಡೆ ಮಾಡಿ ಉಗಿಯುತ್ತೆ. ಲೋಧಿ ಗಾರ್ಡನ್ನಿನ ಹಳೇ ಗುಮ್ಮಟದ ಕೆಳಗೆ ಸಿಕ್ತು. ಬನ್ನಿ, ತಲೆಬುರುಡೆ ತೋರಿಸ್ತೀನಿ."

ಮಂಗಳಮ್ಮನವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದು ನಿಂತರು. "ಹಬ್ಬದ ದಿವಸ ಮನೆಯೊಳಗೆ ಗೂಬೆಯೇ?" ಎಂದರು. ಸಿಂಚನಳಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅಜ್ಜಿ, ಇಲ್ಲಿ ಎಲ್ಲರೂ ಹೇಳ್ತಾರಲ್ಲ, ಗೂಬೆ ಲಕ್ಷ್ಮಿಯ ವಾಹನ. ಗೂಬೆ ಬಂದ್ರೆ ಲಕ್ಷ್ಮೀನೂ ಬಂದಿದ್ದಾನೆ ಅಂತ!"

ಲಕ್ಷ್ಮಿ 'ಬಂದಿದ್ದಾನೆ' ಎಂದದ್ದಕ್ಕೆ ಹೆಂಗಸರು ನಕ್ಕುಬಿಟ್ಟರು, ಮಂಗಳಮ್ಮನವರೊಬ್ಬರನ್ನು ಬಿಟ್ಟು. ಅವರು ಕೋಸಂಬರಿಯನ್ನೂ ಮುಟ್ಟದೆ ಹೊರಟರು. ಮುಂದೆ ತಿಂಗಳುಗಟ್ಟಲೆ, ಎಲ್ಲಿ ಸಿಕ್ಕಿದರೂ, "ಗೂಬೆ ಉಂಡೆಯ ಮನೆಯವರು" ಎಂದೇ ನನ್ನನ್ನು ಪರಿಚಯಿಸುತ್ತಿದ್ದರು. ಹುಡುಗಿ ಆರಾಮವಾಗಿದ್ದಳು. ಗೂಬೆ ಕೂತದ್ದು ನನ್ನ ತಲೆಯ ಮೇಲೆ.

ಆದರೆ ನನಗೆ ಅವಳ ಮೇಲೆ ನಿಜವಾದ ಸಿಟ್ಟು ಬಂದದ್ದು ಇದಕ್ಕಲ್ಲ, ಪ್ರಣವನ ವಿಷಯಕ್ಕೆ. ದೆಹಲಿಯ ಶಾಲೆಗೆ ಸೇರಿದ ಮೊದಲ ವಾರವೇ ಅವನು ಕ್ಲಾಸಿನಲ್ಲಿ, "ಮೇರಾ ಮಮ್ಮಿ ಆಯೇಗಾ," ಎಂದನಂತೆ. ಅಮ್ಮ 'ಬರುತ್ತಾನೆ' ಎಂದಂತಾಯಿತಲ್ಲ, ಹುಡುಗರೆಲ್ಲ ಡೆಸ್ಕು ಬಡಿದು ನಕ್ಕರಂತೆ. ಅಂದಿನಿಂದ ಹೊಸ್ತಿಲು ದಾಟಿದರೆ ಅವನ ಬಾಯಿಗೆ ಬೀಗ. ಮನೆಯೊಳಗೆ ಅರಳು ಹುರಿದಂತೆ ಮಾತಾಡುವ ಮಗು, ಟೀಚರು ಹೆಸರು ಕೇಳಿದರೂ ನೆಲ ನೋಡುತ್ತಿತ್ತು. ಮೂಗನೇನೋ ಎಂದು ಒಬ್ಬ ಟೀಚರು ಕೇಳಿಯೂಬಿಟ್ಟರು. ನಾನು ಎಷ್ಟೋ ಸಂಜೆ ಅಡುಗೆಮನೆಯಲ್ಲಿ ಅತ್ತಿದ್ದೇನೆ.

ಸಿಂಚನಳ ಶಾಸನಕ್ಕೆ ಇದೆಲ್ಲ ಲೆಕ್ಕವಿಲ್ಲ. ವಾರ ವಾರವೂ, "ಪ್ರಣವ್, ಈಗ ನೀನು," ಎಂದು ಎಬ್ಬಿಸಿ ನಿಲ್ಲಿಸುವಳು. ಅವನು ಕಣ್ಣು ತುಂಬಿಕೊಂಡು ಮನೆಗೆ ಓಡಿಬರುವನು. ಒಂದು ದಿನ ನಾನು ಮಹಡಿ ಹತ್ತಿ ಹೋಗಿ ಅವಳ ಅಮ್ಮ ಪ್ರಮೀಳಾ ಎದುರಿಗೇ ಗದರಿದೆ. "ಅವನ ಪಾಡಿಗೆ ಅವನನ್ನು ಬಿಡು. ಅವನಿಗೆ ಮಾತಾಡೋಕೆ ಆಗಲ್ಲ ಅಂತ ಗೊತ್ತಿಲ್ವಾ?"

ಪ್ರಮೀಳಾ ಪಾಪ, ತಲೆ ಚಚ್ಚಿಕೊಂಡರು. ಹುಡುಗಿ ಮಾತ್ರ ಅಳುಕಲಿಲ್ಲ. "ಆಗುತ್ತೆ ಆಂಟಿ. ಅವನ ಹತ್ರ ಹೇಳೋಕೆ ಏನೋ ಇದೆ. ಇಲ್ದಿದ್ರೆ ನಾನ್ಯಾಕೆ ಕೇಳ್ತೀನಿ?"

ಆ ಹೊತ್ತಿಗೇ ನನ್ನ ಕರಿಬೇವಿನ ಕುಂಡಕ್ಕೆ ಹುಳು ಬಿತ್ತು. ಊರಿನಿಂದ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಗಿಡ. ಹಕ್ಕಿ ಹಿಕ್ಕೆಯಂತೆ ಕಾಣುವ ಏನೋ ಎಲೆಗೆ ಅಂಟಿದೆಯೆಂದು ಕೀಳಲು ಹೋದರೆ ಅದು ತಲೆಯೆತ್ತಿ ಕೆಂಪನೆಯ ಕೋಡು ಹೊರಗೆ ಹಾಕಿತು. ನಾನು ಕಿರುಚಿದ್ದು ಮಹಡಿಗೆ ಕೇಳಿಸಿತು. ಅಷ್ಟು ಸಾಕಾಯಿತು.

"ಆಂಟಿ, ಪ್ಲೀಸ್, ಕೀಳ್ಬೇಡಿ! ಅವಳು ಚಿಟ್ಟೆ ಆಗ್ತಾಳೆ!"

"ಚಿಟ್ಟೆ ಆಗೋ ಹೊತ್ತಿಗೆ ನನ್ನ ಗಿಡ ಬೋಳಾಗುತ್ತೆ. ಸಾರಿನ ಒಗ್ಗರಣೆಗೆ ಏನು ಹಾಕಲಿ, ನಿನ್ನ ಜಡೆಯನ್ನಾ?"

ಗೆದ್ದವಳು ಅವಳೇ. ಹುಳುಗಳು ಹಸಿರು ಬಣ್ಣಕ್ಕೆ ತಿರುಗಿ, ಬೆರಳುಗಾತ್ರ ಬೆಳೆದು, ಎಲೆಯೆಲ್ಲ ಮೇಯ್ದು ಕಡ್ಡಿಗಳನ್ನಷ್ಟೇ ಬಿಟ್ಟವು. ಮಕ್ಕಳ ಸೈನ್ಯ ದಿನವೂ ನನ್ನ ಅಂಗಳದಲ್ಲಿ ಹಾಜರು, ಒಗೆದ ಬಟ್ಟೆ ಒಣಹಾಕಲೂ ಜಾಗವಿಲ್ಲ. ಒಂದೇ ಒಂದು ಹುಳು ಉಳಿದು ಕಡ್ಡಿಗೆ ನೂಲು ಬಿಗಿದುಕೊಂಡು ಕೋಶವಾಯಿತು. ಎಲ್ಲರೂ ಕಾದರು. ಅದು ಒಡೆದದ್ದು ಮಾತ್ರ ಒಂದು ಬೆಳಿಗ್ಗೆ, ಉಳಿದವರೆಲ್ಲ ಶಾಲೆಗೆ ಹೋಗಿ, ಜ್ವರವೆಂದು ಪ್ರಣವನೊಬ್ಬನೇ ಮನೆಯಲ್ಲಿದ್ದಾಗ. ನಾನು ಒಳಗೆ ಗಂಜಿ ಮಾಡುತ್ತಿದ್ದೆ. ಅವನು ಕಂಬಳಿ ಹೊದ್ದು ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಪೂರ್ತಿ ನೋಡಿದ.

ಸಂಜೆ ಸಿಂಚನ ಬಂದಾಗ ಅವಳಿಗೊಬ್ಬಳಿಗೇ ಕನ್ನಡದಲ್ಲಿ ಎಲ್ಲ ಹೇಳಿದ. ಇನ್ನು ರಾತ್ರಿಯೊಳಗೆ ಕಾಲೋನಿಗೆಲ್ಲ ಡಂಗುರ ಎಂದುಕೊಂಡೆ. ಅವಳು ತುಟಿ ಬಿಚ್ಚಲಿಲ್ಲ. ಮನ್ನತ್ ಬಂದು ಮೆಟ್ಟಿಲ ಮೇಲೆ ಹಟ ಹಿಡಿದು ಕೂತರೂ, "ನೋಡಿದ್ದು ಪ್ರಣವ್. ಅವನೇ ಹೇಳ್ಬೇಕು," ಎಂದಷ್ಟೇ ಹಿಂದಿಯಲ್ಲಿ ಹೇಳಿ ಕಳಿಸಿದಳು. ಆ ವಾರವೆಲ್ಲ ಮಾತು ತಡೆದುಕೊಂಡು ಹುಡುಗಿಯ ಮುಖ ಹಲ್ಲುನೋವಿನವರಂತೆ ಆಗಿತ್ತು.

ಭಾನುವಾರ ನಾನು ಅಡುಗೆಮನೆಯ ಕಿಟಕಿಯ ಹಿಂದೆ ನಿಂತೆ. ಪ್ರಣವ ಎದ್ದು ನಿಂತ. "ತಿತಲೀ ಆಯಾ..." ಎಂದ. ಹಿಂದಿಯ ಹೆಣ್ಣು ಚಿಟ್ಟೆ ಅವನ ಬಾಯಲ್ಲಿ ಗಂಡಾಗಿತ್ತು, ಯಾರೋ ಕಿಸಕ್ಕೆಂದರು. ಅವನ ಬಾಯಿ ಮುಚ್ಚಿತು. ನಾನು ಹೊರಗೆ ನುಗ್ಗಿ ಅವನನ್ನು ಎತ್ತಿಕೊಂಡು ಬರಬೇಕು ಎನ್ನುವಷ್ಟರಲ್ಲಿ ಸಿಂಚನ, "ಕನ್ನಡದಲ್ಲಿ ಹೇಳು, ನಾನು ಹಿಂದಿ ಮಾಡ್ತೀನಿ," ಎಂದಳು.

ಅವನು ನೆಲ ನೋಡುತ್ತ, "ಕೋಶ ಬಿರೀತು. ಚಿಟ್ಟೆ ಹೊರಗೆ ಬಂತು. ರೆಕ್ಕೆ ಎಲ್ಲ ಮುದುಡಿಕೊಂಡಿತ್ತು," ಎಂದ.

ಸಿಂಚನ ಗಂಭೀರವಾಗಿ ತಿರುಗಿ ಸಭೆಗೆ ತಿಳಿಸಿದಳು: "ತಿತಲೀ ಬಾಹರ್ ಆಯೀ. ವೋ ಬಹುತ್ ಬೂಢೀ ಥೀ."

ಸಭೆಯಲ್ಲಿ ಗದ್ದಲವೆದ್ದಿತು. ಈಗಷ್ಟೇ ಹುಟ್ಟಿದ ಚಿಟ್ಟೆ ಮುದುಕಿ ಹೇಗಾಗುತ್ತದೆ? ಮನ್ನತ್ ಸುಳ್ಳು ಎಂದಳು. ಬಂಗಾಳಿ ಹುಡುಗ ಇರಬಹುದು ಎಂದ. ಸಿಂಚನ ತನ್ನ ಅನುವಾದವನ್ನು ಬಿಟ್ಟುಕೊಡದೆ, ಅದಕ್ಕೆ ಬಿಳಿಕೂದಲು ಇದ್ದಿರಬಹುದೆಂದು ವಿವರಿಸತೊಡಗಿದಳು. ಪ್ರಣವನ ಮುಖ ಕೆಂಪಾಯಿತು. ಕಾಲು ನೆಲಕ್ಕೆ ಅಪ್ಪಳಿಸಿದ.

"ನಹೀಂ! ಬೂಢೀ ನಹೀಂ! ಪಂಖ್ ಗೀಲಾ ಥಾ! ಐಸಾ ಐಸಾ ಥಾ!" ಎಂದು, ಒದ್ದೆ ರೆಕ್ಕೆ ಹೇಗಿತ್ತೆಂದು ಅಂಗೈ ಮುದುರಿ ತೋರಿಸಿದ. ಆಮೇಲೆ ಅದು ನಿಧಾನ ಬಿಚ್ಚಿದ್ದು, ಅಲ್ಲಾಡಿಸಿ ಒಣಗಿಸಿಕೊಂಡದ್ದು, ಒಮ್ಮೆ ಬಿದ್ದದ್ದು, ಗೋಡೆ ದಾಟಿ ಹೋದದ್ದು, ಎಲ್ಲವೂ ತಪ್ಪುತಪ್ಪು ಹಿಂದಿಯಲ್ಲಿ, ಗಂಟಲು ಹರಿಯುವಂತೆ. ನಕ್ಕರೋ ಇಲ್ಲವೋ ಅವನಿಗೆ ಗೊತ್ತೇ ಆಗಲಿಲ್ಲ. ನಾನು ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದೆ. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು.

ಆಮೇಲೆ ಸಿಂಚನಳನ್ನು ಪಕ್ಕಕ್ಕೆ ಕರೆದು ಕೇಳಿದೆ, "ಬೇಕಂತಲೇ ತಪ್ಪು ಹೇಳಿದ್ಯಾ?"

ಅವಳಿಗೆ ಅವಮಾನವಾಯಿತು. "ತಪ್ಪಾ? ಮುದುಡೋದು ಅಂದ್ರೆ ಮುದುಕಿ ಆಗೋದು ಅಲ್ವಾ?"

ಇದರಿಂದ ನನಗೆ ನೆಮ್ಮದಿ ಸಿಕ್ಕಿತು ಎಂದುಕೊಳ್ಳಬೇಡಿ. ಮುಂದಿನ ಎರಡು ವರ್ಷ ಕರೆಗಂಟೆ ಒತ್ತಲು ಒಬ್ಬರ ಬದಲು ಇಬ್ಬರಾದರು. ನನ್ನ ಫ್ರಿಜ್ಜಿನಲ್ಲಿ ಹಾವಿನ ಪೊರೆ ಸಿಕ್ಕಿತು. ಯಜಮಾನರ ಬೂಟಿನೊಳಗೆ ಮುತ್ತುಗದ ಬೀಜ ಮೊಳಕೆ ಬರಿಸಲು ಇಟ್ಟಿದ್ದರು. ಆಗ್ರಾಕ್ಕೆ ಹೋಗಿಬಂದ ಪ್ರಣವ ಬಿಳಿಯ ಗುಮ್ಮಟದ ಬಗ್ಗೆ ಒಂದು ಮಾತೂ ಆಡದೆ, ಅಲ್ಲಿನ ಕೋತಿಯೊಂದು ಚಪ್ಪಲಿ ಕದ್ದು ಬಾಳೆಹಣ್ಣಿಗೆ ವಾಪಸು ಕೊಟ್ಟ ವ್ಯವಹಾರವನ್ನೇ ಭಾನುವಾರವಿಡೀ ಹೇಳಿದ.

ಅಷ್ಟರಲ್ಲಿ ಸಿಂಚನಳ ತಂದೆಗೆ ಗುವಾಹಟಿಗೆ ವರ್ಗವಾಯಿತು. ಅಲ್ಲಿಂದ ಪ್ರಮೀಳಾ ಕೆಲವು ಸಲ ಫೋನು ಮಾಡಿದರು. ಆಮೇಲೆ ಅವರಿಗೆ ಇನ್ನೆಲ್ಲಿಗೋ ವರ್ಗವಾಗಿ, ನಮಗೂ ಮನೆ ಬದಲಾಗಿ, ನಂಟು ತಪ್ಪಿಹೋಯಿತು. ಹುಡುಗಿ ಈಗ ಎಲ್ಲಿದ್ದಾಳೋ, ಯಾರ ನಿದ್ದೆ ಕೆಡಿಸುತ್ತಿದ್ದಾಳೋ ಗೊತ್ತಿಲ್ಲ.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಸ್ಟೇಷನ್ನಿನಲ್ಲಿ. ಬೀಳ್ಕೊಡಲು ಪ್ರಣವನನ್ನು ಕರೆದುಕೊಂಡು ಹೋಗಿದ್ದೆ. ಚಪಾತಿ, ಪಲ್ಯ, ಪುಳಿಯೋಗರೆಯ ಗಂಟು ಕೊಟ್ಟಾಯಿತು. ನಾನೂ ಪ್ರಮೀಳಾರೂ ಕೈಕೈ ಹಿಡಿದು ಅತ್ತದ್ದಾಯಿತು. ಪ್ರಣವ ಮಾತ್ರ ಸಿಂಚನಳಿಗೆ ಹೇಳಲೇಬೇಕಾದ್ದು ಏನೋ ಇದೆಯೆಂದು ಬೆಳಗಿನಿಂದ ಒಳಗೊಳಗೇ ಕುದಿಯುತ್ತಿದ್ದ. ಅವಳೆಲ್ಲಿ? ಆಗಲೇ ಸೀಟು ಹಿಡಿದು ಕೂತಿದ್ದಳು. ಎದುರು ಸೀಟಿನಲ್ಲಿ ಯಾರೋ ಅಸ್ಸಾಮಿನ ಎರಡು ಮಕ್ಕಳು. ಗುರುತಿಲ್ಲ, ಪರಿಚಯವಿಲ್ಲ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿತ್ತೋ ಇಲ್ಲವೋ. ಕಿಟಕಿಯಿಂದ ನಮಗೆ ಕಂಡದ್ದು ಅವಳ ಬೆನ್ನು, ಒಂದು ಬಿಚ್ಚಿದ ಜಡೆ, ಗಾಳಿಯಲ್ಲಿ ಏನನ್ನೋ ದೊಡ್ಡದಾಗಿ ಬರೆಯುತ್ತಿದ್ದ ಎರಡು ಕೈ. ಆ ಮಕ್ಕಳು ಬಾಯಿ ತೆರೆದುಕೊಂಡು ಕೂತಿದ್ದವು.

ಗಾಡಿ ಅಲುಗಿತು. ಪ್ರಣವ ಕಿಟಕಿಯ ಸರಳು ಬಡಿದು, "ಸಿಂಚನಾ! ಸಿಂಚನಾ, ಕೇಳಿಲ್ಲಿ!" ಎಂದು ಕೂಗಿದ. ನಾನು ಅವನ ಅಂಗಿ ಹಿಡಿದು ಹಿಂದಕ್ಕೆಳೆದೆ. ಅವಳು ತಿರುಗಿದಳು, ಅವನನ್ನು ನೋಡಿ ಮುಖವರಳಿಸಿದಳು, ಒಂದೇ ನಿಮಿಷ ಎಂಬಂತೆ ಬೆರಳೆತ್ತಿ ತೋರಿಸಿದಳು. ಆಮೇಲೆ ಆ ಮಕ್ಕಳ ಕಡೆಗೆ ತಿರುಗಿ ಅರ್ಧಕ್ಕೆ ನಿಂತಿದ್ದ ಮಾತನ್ನು ಮುಗಿಸತೊಡಗಿದಳು. ಅದು ಮುಗಿಯುವಷ್ಟರಲ್ಲಿ ಗಾಡಿ ಪ್ಲಾಟ್‌ಫಾರಂ ದಾಟಿತ್ತು.